ಓದುಗರ ಪ್ರಶ್ನೆ: ಕಾಸರಗೋಡಿಗೆ ಬಂದು ನೆಲೆಸಬಹುದಾ?

ಪ್ರಶ್ನೆ: ನಾವು ಬೆಂಗಳೂರಿನ ಬನಶಂಕರಿಯಲ್ಲಿದ್ದೇವೆ. ನನಗೆ ಮನೆಯಿಂದಲೇ ಕೆಲಸ, ಮಗಳು ಆರನೇ ಕ್ಲಾಸು. ಡಿಸೆಂಬರಿನಲ್ಲಿ ಬೇಕಲ ಕೋಟೆ ನೋಡಲು ಬಂದವರು ಆ ಊರಿಗೇ ಮನಸೋತೆವು. ಕಡಲ ಪಕ್ಕ ಹತ್ತು ಸೆಂಟ್ಸ್ ಜಾಗ ತಗೊಂಡು ಮನೆ ಕಟ್ಟೋಣ ಅಂತ ಇದ್ದೇವೆ. ಮಲಯಾಳ ಬರುವುದಿಲ್ಲ. ಅಲ್ಲಿನ ಬದುಕು ನಿಜಕ್ಕೂ ಹೇಗಿದೆ?
– ಓದುಗರು, ಬೆಂಗಳೂರು

ಉತ್ತರ: ಬನ್ನಿ, ಖಂಡಿತ ಬನ್ನಿ. ಆದರೆ ಜಾಗ ಮಾತ್ರ ಈಗಲೇ ಕೊಳ್ಳಬೇಡಿ. ಮೊದಲು ಒಂದು ಬಾಡಿಗೆ ಮನೆ ಹಿಡಿಯಿರಿ, ಜೂನ್‌ನಲ್ಲಿ ಬಂದು ಮುಂದಿನ ಮೇ ಮುಗಿಯುವವರೆಗೆ ಇದ್ದು ನೋಡಿ. ಡಿಸೆಂಬರಿನ ಕಾಸರಗೋಡು ಯಾರಿಗೆ ತಾನೇ ಇಷ್ಟವಾಗುವುದಿಲ್ಲ? ಇಲ್ಲಿ ಬದುಕುವುದು ಅಂದರೆ ಏನು ಅಂತ ಗೊತ್ತಾಗುವುದು ಜುಲೈ ಮತ್ತು ಏಪ್ರಿಲ್‌ನಲ್ಲಿ.

ಜುಲೈಯಲ್ಲಿ ಜಡಿಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ ಸುರಿಯುವ ಜಿಲ್ಲೆ ಇದು, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ, ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ. ಮನೆಯಿಂದ ಕೆಲಸ ಅಂದಿರಲ್ಲ, ಇನ್ವರ್ಟರ್ ಮತ್ತು ಎರಡು ಕಂಪನಿಗಳ ಇಂಟರ್ನೆಟ್ ಇಟ್ಟುಕೊಳ್ಳಿ. ಮೀನು ತಿನ್ನುವವರಾದರೆ ಇನ್ನೊಂದು ಮಾತು: ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಕೇರಳದಲ್ಲಿ ಟ್ರಾಲಿಂಗ್, ಅಂದರೆ ದೊಡ್ಡ ಬೋಟುಗಳು ಬಲೆ ಎಳೆದು ಮೀನು ಹಿಡಿಯುವುದು, ನಿಷೇಧ. ಆಗ ಸಣ್ಣ ದೋಣಿಯವರು ತಂದಷ್ಟೇ ತಾಜಾ ಮೀನು, ಬೂತಾಯಿಗೂ ಬಂಗುಡೆಗೂ ರೇಟು ಜಾಸ್ತಿ. ಇಷ್ಟೆಲ್ಲ ಇದ್ದರೂ ಮಳೆಗಾಲದ ಸಂಜೆ ಕೆಸುವಿನ ಎಲೆಯ ಪತ್ರೊಡೆ ಬೇಯುವ ಮನೆಯಲ್ಲಿ ಕೂತವರಿಗೆ ಊರು ಬಿಡುವ ಮನಸ್ಸಾಗುವುದಿಲ್ಲ, ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಏಪ್ರಿಲ್ ಕಷ್ಟ. ಸೆಖೆ ಅಂದರೆ ಬೆಂಗಳೂರಿನ ಬಿಸಿಲಲ್ಲ, ಫ್ಯಾನಿನ ಕೆಳಗೆ ಕೂತರೂ ಅಂಗಿ ಒದ್ದೆ. ಅದಕ್ಕಿಂತ ದೊಡ್ಡ ವಿಷಯ ನೀರು. 12 ನದಿಗಳಿರುವ ಜಿಲ್ಲೆಯಲ್ಲಿ ಬಾವಿ ಯಾಕೆ ಬತ್ತುತ್ತದೆ ಅಂತ ಹೊಸಬರು ಕೇಳುತ್ತಾರೆ. ಇಲ್ಲಿನ ಹೊಳೆಗಳು ಗಿಡ್ಡ, ನೆಲ ಇಳಿಜಾರು, ಮಣ್ಣಿನ ಕೆಳಗೆ ಮುರಕಲ್ಲು (ಜಂಬಿಟ್ಟಿಗೆ). ಬಿದ್ದ ಮಳೆ ಬೇಗ ಕಡಲು ಸೇರಿಬಿಡುತ್ತದೆ. ಅದಕ್ಕೇ ಹಳಬರು ಡಿಸೆಂಬರ್ ಹೊತ್ತಿಗೆ ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡಲಾಗಿ ಕಲ್ಲು ಮಣ್ಣಿನ ಕಟ್ಟ ಕಟ್ಟುತ್ತಿದ್ದರು, ಏತಡ್ಕದ ಕಡೆ ಆ ಕೆಲಸ ಉಳಿದುಕೊಂಡಿದೆ. ಎಣ್ಮಕಜೆ, ಬಾಯಾರು, ಪೈವಳಿಕೆ ಕಡೆ ಹೋದರೆ ಸುರಂಗಗಳನ್ನು ನೋಡಿ. ಗುಡ್ಡೆಯ ಬದಿಯಲ್ಲಿ ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಎತ್ತರಕ್ಕೆ ಅಡ್ಡಕ್ಕೆ ಕೊರೆದ ಗುಹೆ ಅದು. ಒಳಗೆ ಕತ್ತಲು, ಗೋಡೆ ತಣ್ಣಗೆ, ಕಲ್ಲಿನ ಸಂದಿಯಿಂದ ತೊಟ್ಟು ತೊಟ್ಟಾಗಿ ಬೀಳುವ ನೀರು ನೆಲದ ಸಣ್ಣ ಚಾಲಿನಲ್ಲಿ ಹರಿದು ಬಾಯಿಯ ಹತ್ತಿರದ ಕೊಳಕ್ಕೆ ಬರುತ್ತದೆ, ಅಲ್ಲಿಂದ ಪೈಪಿನಲ್ಲಿ ತೋಟಕ್ಕೆ ಮತ್ತು ಅಡುಗೆಮನೆಗೆ. ಪಂಪು ಬೇಡ, ಕರೆಂಟು ಬೇಡ. ಹೀಗಿದ್ದೂ ಬೋರ್‌ವೆಲ್ ಕೊರೆಸುವವರು ಹೆಚ್ಚಾಗುತ್ತಿರುವುದು ನನಗೆ ನಿಜವಾಗಿ ಸಂಕಟ ತರುವ ವಿಷಯ. ಹಾಗಾಗಿ ಜಾಗ ನೋಡುವಾಗ ಬ್ರೋಕರನ್ನು ಬಿಡಿ, ಪಕ್ಕದ ಮನೆಯವರನ್ನು ಕೇಳಿ: ಮೇ ತಿಂಗಳಲ್ಲಿ ನಿಮ್ಮ ಬಾವಿಯಲ್ಲಿ ಎಷ್ಟು ನೀರಿರುತ್ತದೆ?

ಇನ್ನು ಕಡಲ ಪಕ್ಕದ ಮನೆ. ಬೇಡ ಅನ್ನುವುದು ನನ್ನ ಅಭಿಪ್ರಾಯ. ಉಪ್ಪುಗಾಳಿಗೆ ಕಿಟಕಿಯ ಸರಳು, ಗೇಟು, ಫ್ರಿಜ್ಜು ಎಲ್ಲ ತುಕ್ಕು. ಎಷ್ಟೋ ಕಡೆ ಬಾವಿ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಉಪ್ಪಳದ ಮುಸೋಡಿಯಂಥ ಜಾಗಗಳಲ್ಲಿ ಕಡಲ್ಕೊರೆತಕ್ಕೆ ಮನೆಗಳೇ ಹೋಗಿವೆ. ಮೇಲಾಗಿ ಸಿಆರ್‌ಝೆಡ್ ಎಂಬ ಕರಾವಳಿ ನಿಯಂತ್ರಣ ವಲಯದ ನಿಯಮ ಬೇರೆ, ದಡದ ಹತ್ತಿರ ಹೊಸ ಮನೆ ಕಟ್ಟಲು ಸುಮ್ನೆ ಅನುಮತಿ ಸಿಗುವುದಿಲ್ಲ. ಬದಿಯಡ್ಕ, ನೀರ್ಚಾಲು, ಮಧೂರು, ಸೀತಾಂಗೋಳಿ ಕಡೆ ಒಳಗೆ ಬನ್ನಿ. ಅಡಿಕೆ ತೋಟದ ತಂಪಿದೆ, ಕಡಲು ನೋಡಬೇಕೆನಿಸಿದರೆ ಸಂಜೆ ಹೋಗಿ ಬರಬಹುದು.

ಕೊಳ್ಳುವ ಹೊತ್ತು ಬಂದಾಗ ಎರಡು ಕಾಗದ ಮುಖ್ಯ. ಒಂದು ಕುಡಿಕ್ಕಡ ಸರ್ಟಿಫಿಕೇಟು, ಜಾಗದ ಮೇಲೆ ಸಾಲ ಅಡವು ಏನಾದರೂ ಇದೆಯಾ ಅಂತ ಅದರಲ್ಲಿ ಗೊತ್ತಾಗುತ್ತದೆ. ಇನ್ನೊಂದು, ಆ ಜಾಗ ಗದ್ದೆಗಳ ಸರ್ಕಾರಿ ಪಟ್ಟಿಯಾದ ಡೇಟಾ ಬ್ಯಾಂಕ್‌ನಲ್ಲಿ ಗದ್ದೆ ಅಂತ ದಾಖಲಾಗಿದೆಯಾ ಅನ್ನುವುದು. ಕೇರಳದಲ್ಲಿ 2008ರ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆ ಇದೆ, ಗದ್ದೆಗೆ ಮಣ್ಣು ತುಂಬಿಸಿ ಮನೆ ಕಟ್ಟಲು ಬಿಡುವುದಿಲ್ಲ. ಕರ್ನಾಟಕದಿಂದ ಬಂದವರಿಗೆ ಇದು ಗೊತ್ತಿರುವುದಿಲ್ಲ. ಕಡಿಮೆಗೆ ಸಿಕ್ಕಿತು ಅಂತ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಮೊದಲು ಕೃಷಿ ಭವನ ಮತ್ತು ವಿಲೇಜ್ ಆಫೀಸಿನಲ್ಲಿ ವಿಚಾರಿಸಿ.

ಭಾಷೆಯ ಚಿಂತೆ ಅರ್ಧ ಬಿಡಿ. 1956ರ ನವೆಂಬರ್ 1ರವರೆಗೆ ಇದು ದಕ್ಷಿಣ ಕನ್ನಡದ ತಾಲೂಕು. ಕವಿ ಗೋವಿಂದ ಪೈಗಳ ಮಂಜೇಶ್ವರ, ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಪೆರಡಾಲ, ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಎಲ್ಲ ಇಲ್ಲೇ. ಚಂದ್ರಗಿರಿ ಹೊಳೆಯ ಉತ್ತರಕ್ಕೆ ಕನ್ನಡ, ತುಳು ಚೆನ್ನಾಗಿ ನಡೆಯುತ್ತದೆ, ದಕ್ಷಿಣಕ್ಕೆ ಹೋದಷ್ಟೂ ಮಲಯಾಳ. ನೀವು ನೋಡಿದ ಬೇಕಲ ಹೊಳೆಯಾಚೆ ಇದೆ, ಅದು ಗಮನದಲ್ಲಿರಲಿ. ಇಲ್ಲಿನ ಕನ್ನಡಿಗರು ಕಚೇರಿಗೆ ಕನ್ನಡದಲ್ಲೇ ಅರ್ಜಿ ಬರೆಯಲು 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಅವಕಾಶವಿದೆ. ದಯವಿಟ್ಟು ಅದನ್ನು ಬಳಸಿ, ಬಳಸಿದರಷ್ಟೇ ಅದು ಉಳಿಯುವುದು. ಜೊತೆಗೆ ಮಲಯಾಳವನ್ನೂ ಕಲಿಯಿರಿ. ಬಸ್ಸಿನ ಬೋರ್ಡು, ಕರೆಂಟ್ ಬಿಲ್ಲು ಓದಲು ಬೇಕು, ಅಂಗಡಿಯವರ ಜೊತೆ ನಾಲ್ಕು ಮಾತಾಡಿದರೆ ಅವರಿಗೂ ಖುಷಿ.

ಮಗಳಿಗೆ ಕನ್ನಡ ಮಾಧ್ಯಮದ ಶಾಲೆಗಳಿವೆ, ಕೇರಳದ ಪಠ್ಯವೇ ಕನ್ನಡದಲ್ಲಿ ಅಚ್ಚಾಗಿ ಬರುತ್ತದೆ. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ತರಗತಿಗೆ ಹಾಕಿದ್ದಕ್ಕೆ ಇಲ್ಲಿ ಹೋರಾಟಗಳೇ ನಡೆದಿವೆ. ಹಾಗಾಗಿ ಸೇರಿಸುವ ಮೊದಲು ಯಾವ ವಿಷಯಕ್ಕೆ ಯಾರಿದ್ದಾರೆ ಅಂತ ಕೇಳಿ, ಕೇಳುವುದು ನಿಮ್ಮ ಹಕ್ಕು.

ಹಾಗಾದರೆ ಇಲ್ಲಿ ಬದುಕು ಯಾವುದರಲ್ಲಿ ಚೆನ್ನ? ಪಂಚಾಯತಿನಲ್ಲಿ ಅಂದರೆ ನಿಮಗೆ ಆಶ್ಚರ್ಯವಾಗಬಹುದು. ವಾರ್ಡ್ ಮೆಂಬರ್ ಫೋನ್ ಎತ್ತುತ್ತಾರೆ. ಹರಿತ ಕರ್ಮ ಸೇನೆಯ ಹೆಂಗಸರು ತಿಂಗಳಿಗೊಮ್ಮೆ ಮನೆಗೇ ಬಂದು ತೊಳೆದು ಒಣಗಿಸಿಟ್ಟ ಪ್ಲಾಸ್ಟಿಕ್ ಒಯ್ಯುತ್ತಾರೆ. ಊರಿಗೊಂದು ವಾಚನಾಲಯ, ನಡೆದು ಹೋಗುವಷ್ಟು ಹತ್ತಿರ ಆರೋಗ್ಯ ಕೇಂದ್ರ. ಚಳಿಗಾಲ ಬಂತೆಂದರೆ ಯಕ್ಷಗಾನ, ಭೂತಕೋಲ, ತೆಯ್ಯಂ. ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯವರೆಗೆ, ರಾತ್ರಿಗಳು ಖಾಲಿ ಇರುವುದಿಲ್ಲ. ಕರೆಯೋಲೆ ಬೇಕಿಲ್ಲ, ಹೋಗಿ ಕೂತರೆ ಊಟಕ್ಕೂ ಎಬ್ಬಿಸುತ್ತಾರೆ.

ಪ್ರಶ್ನೆ: ಅಮ್ಮನಿಗೆ 74 ವರ್ಷ, ಹೃದಯದ ತೊಂದರೆ ಇದೆ. ಕಾಸರಗೋಡಿನಲ್ಲಿರುವ ಅಣ್ಣನ ಮನೆಗೆ ಕಳಿಸೋಣ ಅಂದರೆ ಆಸ್ಪತ್ರೆಯದ್ದೇ ಭಯ.
– ಓದುಗರು, ಮೈಸೂರು

ಉತ್ತರ: ನಿಮ್ಮ ಭಯ ಸುಳ್ಳಲ್ಲ. ದೊಡ್ಡ ಕಾಯಿಲೆಗೆ ಇವತ್ತಿಗೂ ಇಲ್ಲಿನವರು ಓಡುವುದು ಮಂಗಳೂರಿಗೆ. ಪೇಟೆಯಿಂದ ಸುಮಾರು 50 ಕಿಲೋಮೀಟರ್. 2020ರಲ್ಲಿ ಲಾಕ್‌ಡೌನ್ ಆದಾಗ ತಲಪಾಡಿಯಲ್ಲಿ ಗಡಿ ಮುಚ್ಚಿ, ಆ್ಯಂಬುಲೆನ್ಸ್‌ಗಳಿಗೂ ದಾರಿ ಸಿಗದೆ ಕೆಲವರು ಪ್ರಾಣ ಕಳೆದುಕೊಂಡರು. ಗಡಿನಾಡಿನವರು ಅದನ್ನು ಮರೆಯುವುದಿಲ್ಲ, ಮರೆಯಲೂಬಾರದು. ಅಣ್ಣನ ಮನೆ ಮಂಜೇಶ್ವರ, ಉಪ್ಪಳದ ಕಡೆಯಾದರೆ ಮಂಗಳೂರು ಹತ್ತಿರ, ಕಳಿಸಿ. ಒಳನಾಡಿನ ಗುಡ್ಡೆಯ ಮೇಲಾದರೆ, ಮಳೆಯ ರಾತ್ರಿ ಆ್ಯಂಬುಲೆನ್ಸ್ ಅಂಗಳದವರೆಗೆ ಬರುತ್ತದಾ ಅಂತ ನೋಡಿ ಆಮೇಲೆ ತೀರ್ಮಾನಿಸಿ. ಅಮ್ಮನ ಹಳೆಯ ರಿಪೋರ್ಟುಗಳ ಒಂದು ಪ್ರತಿ ಅಣ್ಣನ ಮನೆಯಲ್ಲಿರಲಿ, ಬಿಪಿ ನೋಡಿಸಲು ಹತ್ತಿರದ ಆರೋಗ್ಯ ಕೇಂದ್ರವೇ ಸಾಕು.

ಪ್ರಶ್ನೆ: ಶಿವಮೊಗ್ಗದವಳು, ಮದುವೆಯಾಗಿ ಕುಂಬಳೆಗೆ ಬರುತ್ತಿದ್ದೇನೆ. ಮನೆಯಲ್ಲಿ ಎಲ್ಲರೂ ತುಳು. ಅತ್ತೆ ನನ್ನ ಜೊತೆ ಮಾತ್ರ ಕನ್ನಡ ಆಡುತ್ತಾರೆ, ನಾನು ಹೊರಗಿನವಳಾಗಿಬಿಡುತ್ತೇನಾ?
– ಓದುಗರು, ಶಿವಮೊಗ್ಗ

ಉತ್ತರ: ಇಲ್ಲಮ್ಮ. ನಿಮ್ಮನ್ನು ದೂರ ಇಡಲು ಅಲ್ಲ, ನಿಮಗೆ ಕಷ್ಟವಾಗದಿರಲಿ ಅಂತ ಅವರು ಕನ್ನಡ ಆಡುವುದು. "ಅತ್ತೆ, ನನ್ನ ಹತ್ತಿರವೂ ತುಳುವಿನಲ್ಲೇ ಮಾತಾಡಿ" ಅಂತ ನೀವೇ ಹೇಳಿಬಿಡಿ. ಅಡುಗೆಮನೆಯಲ್ಲಿ ಅವರ ಜೊತೆ ನಿಂತು ಕಾಯಿ ತುರಿಯುತ್ತಾ ಕೇಳಿಸಿಕೊಂಡರೆ ಒಂದು ಮಳೆಗಾಲದಲ್ಲಿ ಬಂದುಬಿಡುತ್ತದೆ. ಕುಚ್ಚಲಕ್ಕಿ ಅನ್ನಕ್ಕೆ ಒಗ್ಗಿಕೊಳ್ಳಲು ಮಾತ್ರ ಸ್ವಲ್ಪ ಸಮಯ ಬೇಕು, ಬೆಳಿಗ್ಗೆ ಗಂಜಿ, ಉಪ್ಪಿನಕಾಯಿಯಿಂದ ಶುರು ಮಾಡಿ.

ಪ್ರಶ್ನೆ: ಕೆಎ ನಂಬರಿನ ಕಾರು ಅಲ್ಲಿಗೆ ತಂದು ಓಡಿಸಬಹುದಾ?
– ಓದುಗರು, ಹಾಸನ

ಉತ್ತರ: ಬಂದು ಹೋಗಲು ತೊಂದರೆ ಇಲ್ಲ. ನೆಲೆಸುವುದಾದರೆ 12 ತಿಂಗಳು ಮೀರಿದ ಮೇಲೆ ಕೇರಳದ ನಂಬರು ಹಾಕಿಸಲೇಬೇಕು, ಕಾಸರಗೋಡಿನದ್ದು ಕೆಎಲ್ 14. ಹಾಸನದ ಆರ್‌ಟಿಒದಿಂದ ಎನ್‌ಒಸಿ ಮೊದಲೇ ತಂದುಕೊಳ್ಳಿ, ಇಲ್ಲಿ ತೆರಿಗೆ ಕಟ್ಟಿ ನೋಂದಣಿಯಾದ ಮೇಲೆ ಕರ್ನಾಟಕದಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗಕ್ಕೆ ಅಲ್ಲೇ ಅರ್ಜಿ ಹಾಕಿ.