ಹುಬ್ಬಳ್ಳಿಯಿಂದ ಪುಣೆಗೆ ಬಂದಿದ್ದೇನೆ. ಕೋಥ್ರೂಡ್‌ನಿಂದ ಶಿವಾಜಿನಗರದ ಆಫೀಸಿಗೆ ದಿನಾ ಸೈಕಲ್‌ನಲ್ಲಿ ಹೋಗಬಹುದಾ?

ಧಾರಾಳವಾಗಿ ಹೋಗಬಹುದು. ಒಂದು ಕಾಲಕ್ಕೆ ಸೈಕಲ್ ಊರು ಅಂತಲೇ ಹೆಸರಾಗಿದ್ದ ಪುಣೆ ಇದು, ದೂರವೂ ಜಾಸ್ತಿ ಇಲ್ಲ. ಆದರೆ ಸೈಕಲ್ ಟ್ರ್ಯಾಕ್ ನಂಬಿಕೊಂಡು ಹೊರಡಬೇಡಿ. ಜಂಗ್ಲಿ ಮಹಾರಾಜ್ ರಸ್ತೆಯಲ್ಲಿ ಟ್ರ್ಯಾಕ್ ಇದೆ, ನಿಜ. ಜನ ಅದರ ಮೇಲೇ ನಡೆಯುತ್ತಾರೆ, ಸ್ಕೂಟರ್ ನಿಲ್ಲಿಸುತ್ತಾರೆ. ಸುಮ್ನೆ ರಸ್ತೆಯ ಎಡಗಡೆ ಹೋಗುವುದೇ ವಾಸಿ. ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರ ಇರಿ. ಹಿಂದೆ ನೋಡದೆ ಬಾಗಿಲು ತೆಗೆಯುವವರೇ ಹೆಚ್ಚು. ಕರ್ವೆ ರಸ್ತೆಯ ಗದ್ದಲ ಬೇಡವೆನಿಸಿದರೆ ಪ್ರಭಾತ್ ರಸ್ತೆಯ ಮರದ ನೆರಳಿನ ಗಲ್ಲಿಗಳಿವೆ. ಜಂಗ್ಲಿ ಮಹಾರಾಜ್ ರಸ್ತೆ ಒನ್‌ವೇ, ಹಾಗಾಗಿ ಆಫೀಸಿಗೆ ಹೋಗುವಾಗ ಫರ್ಗ್ಯುಸನ್ ಕಾಲೇಜ್ ರಸ್ತೆ ಹಿಡಿಯಿರಿ, ವಾಪಸ್ ಬರುವಾಗ ಜಂಗ್ಲಿ ಮಹಾರಾಜ್ ರಸ್ತೆ. ಮಳೆಗಾಲಕ್ಕೆ ಮೊದಲು ಮಡ್‌ಗಾರ್ಡ್ ಹಾಕಿಸಿ, ಇಲ್ಲದಿದ್ದರೆ ಅಂಗಿಯ ಬೆನ್ನಿಗೆಲ್ಲ ಕೆಸರಿನ ಪಟ್ಟೆ. ತೀರಾ ಜೋರು ಮಳೆಯಾದರೆ ಕೋಥ್ರೂಡ್ ಕಡೆಯ ವನಾಜ್‌ನಿಂದ ಶಿವಾಜಿನಗರದ ಹತ್ತಿರದ ಸಿವಿಲ್ ಕೋರ್ಟ್‌ವರೆಗೆ ಮೆಟ್ರೋ ಇದ್ದೇ ಇದೆ.