ಕ್ಯಾಸಲ್‌ರಾಕ್ ಗೋವಾದಲ್ಲಿಲ್ಲ

ಪ್ರಿಯ ಗೆಳೆಯ,

"ನಿಮ್ಮ ಕ್ಯಾಸಲ್‌ರಾಕ್ ಗೋವಾದಲ್ಲಿದೆಯಲ್ಲ, ಇಷ್ಟು ಒಳ್ಳೆಯ ಕನ್ನಡ ಎಲ್ಲಿ ಕಲಿತೆ?" ಎಂದು ನೀನು ಕೇಳಿದಾಗ ನಾವು ಮದುವೆಮನೆಯ ಊಟದ ಪಂಕ್ತಿಯಲ್ಲಿ ಕುಳಿತಿದ್ದೆವು, ಹಾಗಾಗಿ ನಕ್ಕು ಸುಮ್ಮನಾದೆ. ಹೊಗಳಿಕೆಯಂತೆಯೇ ಇದ್ದ ಆ ಮಾತು ಅನ್ನದಲ್ಲಿ ಸಿಕ್ಕ ಕಲ್ಲಿನ ಹಾಗೆ ಇನ್ನೂ ಹಲ್ಲಿನಡಿ ಉಳಿದಿರುವುದರಿಂದ ಈ ಉತ್ತರ ಬರೆಯುತ್ತಿದ್ದೇನೆ.

ಕ್ಯಾಸಲ್‌ರಾಕ್ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿಗೆ ಸೇರಿದ ಊರು. ಗೋವಾದತ್ತ ಘಟ್ಟ ಇಳಿಯುವ ರೈಲುಗಾಡಿಗೆ ಕಾಣುವ ಕೊನೆಯ ಕನ್ನಡದ ಹಳದಿ ಫಲಕ ನಮ್ಮ ನಿಲ್ದಾಣದ್ದು. ಇಂಗ್ಲಿಷ್ ಹೆಸರು ಕೇಳಿ ಯಾರೋ ದೊರೆ ಕಟ್ಟಿಸಿದ ಕೋಟೆಯಿದೆ ಎಂದು ಹುಡುಕಿಕೊಂಡು ಬರುವವರಿದ್ದಾರೆ. ಇಲ್ಲಿರುವುದು ಹಳಿ, ಕಾಡು ಮತ್ತು ಜೂನ್‌ನಿಂದ ಬಿಡದೆ ಸುರಿಯುವ ಮಳೆ.

ಊರನ್ನು ಹುಟ್ಟಿಸಿದ್ದೇ ರೈಲು. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಆದ ಒಪ್ಪಂದದ ಫಲವಾಗಿ ಮರ್ಮಗೋವಾ ಬಂದರಿನಿಂದ ಮೀಟರ್‌ಗೇಜ್ ಹಳಿ ಹತ್ತಿ ಬಂದು, 1888ರಲ್ಲಿ ನಮ್ಮೂರು ಮುಟ್ಟಿತು. ಈ ಕಡೆಯಿಂದ ಸದರ್ನ್ ಮರಾಠಾ ರೈಲ್ವೆಯ ಹಳಿ ಅದಕ್ಕೆ ಕೂಡಿಕೊಂಡಿತು. ಎರಡು ಸರ್ಕಾರಗಳ ಗಡಿಯಾದ್ದರಿಂದ ಪ್ರಯಾಣಿಕರ ಗಂಟುಮೂಟೆಗಳನ್ನು ಇಲ್ಲಿ ಒಮ್ಮೆ, ಕೆಳಗೆ ಗೋವಾದ ಕುಳೆ ನಿಲ್ದಾಣದಲ್ಲಿ ಇನ್ನೊಮ್ಮೆ ಬಿಚ್ಚಿ ನೋಡುತ್ತಿದ್ದರು. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಅದರ ಹಿಂದಿನ ವರ್ಷವೇ ಭಾರತ ಗೋವಾಕ್ಕೆ ದಿಗ್ಬಂಧನ ಹಾಕಿದ್ದರಿಂದ ಗಾಡಿಗಳು ಗಡಿ ದಾಟುವುದು ನಿಂತು, 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯಾಗುವವರೆಗೆ ಕ್ಯಾಸಲ್‌ರಾಕ್ ಹಳಿಯ ಕೊನೆಯಾಗಿ ಉಳಿಯಿತು. ಹಳಿಯ ಕೊನೆಯಲ್ಲಿ ಬದುಕಿದವರ ಮೊಮ್ಮಕ್ಕಳು ನಾವು. ಗಡಿ ಎಲ್ಲಿದೆಯೆಂದು ನಮಗೆ ನಕ್ಷೆ ನೋಡಿ ತಿಳಿಯಬೇಕಾಗಿಲ್ಲ.

ಇಲ್ಲಿಂದ ಕುಳೆಯವರೆಗಿನ ಸುಮಾರು 26 ಕಿಲೋಮೀಟರ್ ಬ್ರಗಾಂಜಾ ಘಟ್ಟದಲ್ಲಿ ಹಳಿ 37 ಅಡಿ ಮುಂದೆ ಸಾಗಿದರೆ ಒಂದಡಿ ಇಳಿಯುತ್ತದೆ. ಮರ್ಮಗೋವಾದಿಂದ ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗಳಿಗೆ ಕಲ್ಲಿದ್ದಲು ಹೊತ್ತ ಗೂಡ್ಸ್ ಗಾಡಿ ಮೇಲೇರುವಾಗ ಹಿಂದಿನಿಂದ ಬ್ಯಾಂಕರ್ ಎಂಜಿನ್‌ಗಳು ತಳ್ಳಬೇಕು. ರಾತ್ರಿ ಆ ದಮ್ಮು ಕೇಳಿಸದಿದ್ದರೆ ನನ್ನ ತಾಯಿಗೆ ಎಚ್ಚರವಾಗುತ್ತದೆ. ಎಲ್ಲೋ ಮಣ್ಣು ಕುಸಿದಿರಬೇಕು ಎನ್ನುತ್ತಾರೆ, ಹೆಚ್ಚಿನ ಸಲ ಅದು ನಿಜವೂ ಆಗಿರುತ್ತದೆ.

ಭಾಷೆಯ ವಿಷಯ ಹೇಳಿ ಮುಗಿಸುತ್ತೇನೆ. ಅಜ್ಜ ಹಳಿಯಾಳದ ಕಡೆಯಿಂದ ಗ್ಯಾಂಗ್‌ಮನ್ ಆಗಿ ಬಂದವರು, ಆದ್ದರಿಂದ ಮನೆಯೊಳಗೆ ಧಾರವಾಡದ ಗಾಳಿಯ ಕನ್ನಡ. ಅಂಗಳ ದಾಟಿದರೆ ಕೊಂಕಣಿ, ಅಂಗಡಿಯಲ್ಲಿ ಮರಾಠಿ, ರೈಲ್ವೆ ಕ್ವಾರ್ಟರ್ಸ್‌ನಲ್ಲಿ ತಮಿಳು, ತೆಲುಗು, ಹಿಂದಿ. ಒಂದೇ ಭಾಷೆ ಬಲ್ಲ ಮಗು ನಮ್ಮಲ್ಲಿ ಸಿಗುವುದು ಕಷ್ಟ. ನಾನು ಕನ್ನಡವನ್ನು ಎಲ್ಲಿಯೂ ಹೋಗಿ ಕಲಿಯಲಿಲ್ಲ. ನಿನ್ನಂತೆಯೇ ಬೈಸಿಕೊಂಡು ಕಲಿತೆ.

ನಿಜವಾದ ಗೋಜಲು ಬೇರೆಯೇ ಇದೆ. ನಮ್ಮ ಜಿಲ್ಲಾ ಕೇಂದ್ರ ಕಾರವಾರ. ಅಲ್ಲಿಗೆ ಜಿಲ್ಲೆಯೊಳಗಿನಿಂದಲೇ ಹೋಗುವ ರೈಲು ನಮಗಿಲ್ಲ. ರಸ್ತೆಯಲ್ಲಾದರೆ ಜೋಯಿಡಾಕ್ಕೆ ಬಂದು, ಬಸ್ ಬದಲಿಸಿ, ಕುಂಬಾರವಾಡಾ, ಅಣಶಿ, ಕದ್ರಾ ಹಾದು ಇಳಿಯಬೇಕು. ಮಳೆಗಾಲದಲ್ಲಿ ಅಣಶಿ ಘಟ್ಟದಲ್ಲಿ ಗುಡ್ಡ ಜರಿದರೆ ಆ ದಾರಿಯೂ ಮುಚ್ಚುತ್ತದೆ. ರೈಲಿನಲ್ಲಾದರೆ ಗಡಿ ದಾಟಿ, ಕುಳೆ ಮುಟ್ಟಿ, ಮಡಗಾಂವಿನಲ್ಲಿ ಇಳಿದು, ಕೊಂಕಣ ರೈಲು ಹಿಡಿದು, ಕಾಣಕೋಣ ಕಳೆದು, ಅಸ್ನೋಟಿಯಲ್ಲಿ ಮತ್ತೆ ನಮ್ಮ ಜಿಲ್ಲೆಗೇ ಬಂದು, ಕಾಳಿ ನದಿಯ ಸೇತುವೆ ದಾಟಿ ಕಾರವಾರ ಸೇರಬೇಕು. ಅದೇ ಕಾಳಿ ನಮ್ಮ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಜಿಲ್ಲೆಯ ಗೆರೆ ದಾಟದೆ 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಅದಕ್ಕೆ ಯಾರೂ ಟಿಕೆಟ್ ಕೇಳುವುದಿಲ್ಲ.

ಕಳೆದ ಮಳೆಗಾಲದಲ್ಲಿ ಜಿಲ್ಲಾ ಮಟ್ಟದ ಸಭೆಗೆ ಕರೆ ಬಂದಾಗ ಘಟ್ಟದ ರಸ್ತೆ ಬಂದ್ ಆಗಿದ್ದುದರಿಂದ ನಾನು ಮಡಗಾಂವಿನ ಮೇಲೆ ಹೋಗಿ ಬಂದು, ಟಿಕೆಟ್‌ಗಳನ್ನು ಲಗತ್ತಿಸಿ ಪ್ರಯಾಣ ಭತ್ಯೆಯ ಬಿಲ್ ಸಲ್ಲಿಸಿದೆ. ಹದಿನೈದು ದಿನಕ್ಕೆ ಬಿಲ್ ಹಿಂದಿರುಗಿತು. "ಹೊರರಾಜ್ಯ ಪ್ರವಾಸಕ್ಕೆ ಪೂರ್ವಾನುಮತಿ ಪಡೆದಿರುವುದಿಲ್ಲ" ಎಂದು ಅಂಚಿನಲ್ಲಿ ಕೆಂಪು ಶಾಯಿಯ ಷರಾ. ಕಚೇರಿಗೇ ಹೋದೆ. "ಸರ್, ನೀವು ಹೋಗಿದ್ದು ಕಾರವಾರಕ್ಕೋ ಮಡಗಾಂವಿಗೋ?" ಎಂದು ಗುಮಾಸ್ತರು ಸೌಜನ್ಯದಿಂದಲೇ ಕೇಳಿದರು. ಬಿಳಿ ಹಾಳೆಯ ಮೇಲೆ ಘಟ್ಟ, ಹಳಿ, ನದಿ ಮೂರನ್ನೂ ಬರೆದು, ಅಣಶಿಯ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದು ತೋರಿಸಿದೆ. ಅವರು ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿ, ನಕ್ಷೆ ಚೆನ್ನಾಗಿದೆ, ಆದರೆ ನಮೂನೆಯಲ್ಲಿ ಇದಕ್ಕೆ ಕಾಲಂ ಇಲ್ಲವಲ್ಲ ಎಂದರು. ಅವರದೂ ತಪ್ಪಿಲ್ಲ. ನಮೂನೆ ಮಾಡಿದವರು ತಮ್ಮ ಜಿಲ್ಲಾ ಕೇಂದ್ರಕ್ಕೆ ಹೋಗಲು ಇನ್ನೊಂದು ರಾಜ್ಯ ತುಳಿಯಬೇಕಾದವರಲ್ಲ.

ಆದ್ದರಿಂದ ನಾನು ಗೋವಾದವನೆಂದು ನೀನೊಬ್ಬನೇ ತಿಳಿದಿಲ್ಲ. ಕಡತದಲ್ಲಿಯೂ ಹಾಗೆಯೇ ಇದೆ. ಫೋನು ಕೂಡ ಘಟ್ಟದ ಅಂಚಿಗೆ ಹೋದರೆ ಗೋವಾಕ್ಕೆ ಸ್ವಾಗತ ಎನ್ನುತ್ತದೆ, ಹಿಂದೆ ಬಂದಾಗ ಕರ್ನಾಟಕಕ್ಕೆ ಸ್ವಾಗತ ಎನ್ನುತ್ತದೆ. ಸಂಡಿಗೆ ತೆಗೆದುಕೊಳ್ಳಲು ಅಂಗಳಕ್ಕೆ ಇಳಿದವನನ್ನು ಬಾಗಿಲಲ್ಲಿ ನಿಲ್ಲಿಸಿ ಆರತಿ ಎತ್ತಿದ ಹಾಗಿರುತ್ತದೆ ಅದು.

ಬಿಲ್ ಇನ್ನೂ ಆಗಿಲ್ಲ. ಮುಂದಿನ ಮಂಗಳವಾರ ಕಾರವಾರದಲ್ಲಿ ಮತ್ತೆ ಸಭೆಯಿದೆ, ನಿನ್ನೆಯಿಂದ ಮಳೆ ಹಿಡಿದಿದೆ. ಈ ಸಲ ಪೂರ್ವಾನುಮತಿಗೆ ಅರ್ಜಿಯನ್ನು ಮೊದಲೇ ಬರೆದಿಟ್ಟಿದ್ದೇನೆ. ಅದಕ್ಕೆ ಸಹಿ ಮಾಡಬೇಕಾದ ಅಧಿಕಾರಿ ಕಾರವಾರದಲ್ಲಿದ್ದಾರೆ.