ಕಲಾವಿದ ಲೀ ಉಫಾನ್ ಒಂದು ಕಲ್ಲು, ಒಂದು ಉಕ್ಕಿನ ತಗಡು ಇಟ್ಟರೆ ಅದು ಕಲೆ ಹೇಗಾಗುತ್ತದೆ?

ಇಷ್ಟನ್ನು ಯಾರು ಬೇಕಾದರೂ ಇಡಬಹುದು ಅನಿಸುತ್ತದೆ, ಅಲ್ವಾ? ಆದರೆ ಲೀ ನಮಗೆ ತೋರಿಸಲು ಹೊರಟಿದ್ದು ಬರೀ ಕಲ್ಲನ್ನಲ್ಲ, ಬರೀ ಉಕ್ಕನ್ನೂ ಅಲ್ಲ. ಅವುಗಳ ನಡುವೆ ಇರುವ ಸಂಬಂಧವನ್ನು. ಕಲ್ಲು ತಾನಾಗಿಯೇ ರೂಪ ಪಡೆದದ್ದು. ಉಕ್ಕು ಅದಿರನ್ನು ಕರಗಿಸಿ ಕಾರ್ಖಾನೆಯಲ್ಲಿ ಮಾಡಿದ್ದು. ಎರಡೂ ಬಂದದ್ದು ನೆಲದಿಂದಲೇ, ಆದರೂ ಎದುರುಬದುರು ಇಟ್ಟಾಗ ಎಷ್ಟು ಬೇರೆ ಕಾಣುತ್ತವೆ! ಕಲ್ಲನ್ನು ಅವರು ಕೆತ್ತುವುದಿಲ್ಲ. ಆರಿಸುತ್ತಾರೆ, ಜಾಗ ನೋಡಿ ಇಡುತ್ತಾರೆ.

1960ರ ದಶಕದ ಕೊನೆಯಲ್ಲಿ ಮಾಡಿದ ಒಂದು ಕೃತಿ ನೋಡಿ. ಗಾಜಿನ ಹಾಳೆಯ ಮೇಲೆ ಭಾರವಾದ ಕಲ್ಲು ಕೂತಿದೆ, ಗಾಜು ಬಿರುಕು ಬಿಟ್ಟಿದೆ. ಬಿರುಕಿನ ಗೆರೆಗಳನ್ನು ಯಾರೂ ಬರೆದಿಲ್ಲ. ಕಲ್ಲಿನ ಭಾರ, ಗಾಜಿನ ಗುಣ ಸೇರಿ ಅವು ಮೂಡಿವೆ. ನನಗೆ ಅವರ ಇಡೀ ವಿಚಾರ ಅರ್ಥವಾಗುವುದು ಇಲ್ಲೇ.

1936ರಲ್ಲಿ ಕೊರಿಯಾದಲ್ಲಿ ಹುಟ್ಟಿದ ಲೀ, 1956ರಲ್ಲಿ ಜಪಾನಿಗೆ ಹೋಗಿ ತತ್ವಶಾಸ್ತ್ರ ಓದಿದರು. ಕಲ್ಲು, ಉಕ್ಕು, ಗಾಜಿನಂಥ ವಸ್ತುಗಳನ್ನು ಹೆಚ್ಚು ಬದಲಿಸದೆ ಇಟ್ಟು ತೋರಿಸುವ ಅಲ್ಲಿನ ಮೋನೊ-ಹಾ ಕಲಾ ಚಳವಳಿಗೆ ವೈಚಾರಿಕ ಬುನಾದಿ ಹಾಕಿದವರಲ್ಲಿ ಅವರು ಮುಖ್ಯರು. ಸರಳ ಆಕಾರಗಳಲ್ಲೇ ಕಲೆ ಮಾಡಿದ ಅಮೆರಿಕದ ಮಿನಿಮಲಿಸ್ಟರ ಜೊತೆ ಅವರನ್ನು ಸೇರಿಸಿಬಿಡುವವರು ಜಾಸ್ತಿ. ನನಗೆ ಅದು ಪೂರ್ತಿ ಸರಿ ಅನಿಸುವುದಿಲ್ಲ. ಆ ಮಿನಿಮಲಿಸ್ಟರಲ್ಲೊಬ್ಬರಾದ ಡೊನಾಲ್ಡ್ ಜಡ್ ಅವರ ಪೆಟ್ಟಿಗೆಯಾಕಾರದ ಕೃತಿಗಳು ಕಾರ್ಖಾನೆಯ ಅಚ್ಚುಕಟ್ಟಿನಲ್ಲಿ ತಯಾರಾದವು. ಲೀ ಅವರ ಕೃತಿಯಲ್ಲಿ ಅರ್ಧದಷ್ಟು ಭಾಗ ಮನುಷ್ಯ ಮುಟ್ಟದೆ ಬಿಟ್ಟದ್ದು.

ಫೋಟೋದಲ್ಲಿ ಇದು ಸರಿಯಾಗಿ ತಿಳಿಯುವುದಿಲ್ಲ. ಸುತ್ತ ನಡೆದು ನೋಡಬೇಕು. ಜಪಾನಿನ ನಾವೊಶಿಮಾ ದ್ವೀಪದಲ್ಲಿ ವಾಸ್ತುಶಿಲ್ಪಿ ತಡಾವೊ ಆಂಡೊ ವಿನ್ಯಾಸ ಮಾಡಿದ ಲೀ ಉಫಾನ್ ಮ್ಯೂಸಿಯಂ 2010ರಿಂದ ಇದೆ. ಅವಕಾಶ ಸಿಕ್ಕರೆ ಖಂಡಿತ ಹೋಗಿ.